ತೂಕದ ಕೋಣೆ

ಬೆಳಗಿನ ಜಾವ ನಾಲ್ಕಕ್ಕೆ ಫೋನು:
‘ಮೇಡಂ, ರಾತ್ರಿ ಅದೇ ಅಪ್‌ಡೇಟ್ ಹಾಕ್ಕೊಂಡ್ಬಿಟ್ಟದೆ. ತೂಕ ಬರ್ತಾ ಇಲ್ಲ.’
ನಾನು ಯಶವಂತಪುರ ಯಾರ್ಡಿನಲ್ಲಿ ಸ್ಕೂಟಿ ನಿಲ್ಲಿಸುವಷ್ಟರಲ್ಲಿ
ಈರುಳ್ಳಿ ಲಾರಿಗಳ ಸಾಲು ಗೇಟು ದಾಟಿ
ತುಮಕೂರು ರಸ್ತೆಗೆ ಬಾಲ ಚಾಚಿತ್ತು.

ಮೂರು ಕಡೆ ಗಾಜು, ಒಂದು ಕಡೆ ಹೋದ ವರ್ಷದ ಕ್ಯಾಲೆಂಡರು.
ಒಳಗೆ ಮುನಿಹನುಮಯ್ಯ, ಮಂಕಿ ಕ್ಯಾಪಿನಿಂದ ಹೊರಗೆ ಮೂಗು ಮಾತ್ರ,
ಪರದೆಯ ಮೇಲೆ ಬೂದು ಬಣ್ಣದ ಚೌಕ:
ಒಂದು ಕಾಂಪೊನೆಂಟು ಸರಿಯಾಗಿ ರಿಜಿಸ್ಟರ್ ಆಗಿಲ್ಲ,
ಇಲ್ಲವೇ ಒಂದು ಫೈಲು ಕಾಣೆಯಾಗಿದೆ.
ಹದಿನೇಳು ವರ್ಷದ ಕೆಲಸದಲ್ಲಿ
ಈ ‘ಇಲ್ಲವೇ’ಯನ್ನು ನಾನು ಒಮ್ಮೆಯೂ ನಂಬಿಲ್ಲ.

ಹುಡುಕಿದೆ. ಕಾಣೆಯಾಗಿರಲಿಲ್ಲ.
ಎಲ್ಲಿತ್ತೋ ಅಲ್ಲೇ ಇತ್ತು, ನೂರು ಕೆಬಿಯ ಪುಟ್ಟ ಜೀವ.
ಲಾರಿಯಡಿಯ ಉಕ್ಕಿನ ಹಾಸು ತಂತಿಯಲ್ಲಿ ಪಿಸುಗುಡುವುದನ್ನು
ಕೇಳಿಸಿಕೊಂಡು ಪರದೆಗೆ ದಾಟಿಸುವುದಷ್ಟೇ ಅದರ ಕಸುಬು.
ನಿನ್ನೆ ಸಂಜೆಯವರೆಗೆ ಮಾಡಿದೆ.
ರಾತ್ರಿ ಯಾರೋ ಹೊಸ ಖಾತೆಪುಸ್ತಕ ತಂದಿಟ್ಟು
ಹಳಬರ ಹೆಸರು ಎತ್ತಿ ಬರೆಯುವಾಗ
ಇದೊಂದು ಬಿಟ್ಟುಹೋಯಿತು.

‘ನಂದೂ ಹಂಗೇ ಆಯ್ತಕ್ಕ,’
ಕಿಟಕಿಯಲ್ಲೊಂದು ಮುಖ, ಹೆಗಲ ಮೇಲೆ ಮಡಚಿದ ಗೋಣಿ.
ಹಮಾಲಿ ಅಂಜಿನಪ್ಪ.
‘ಹೊಸ ಬಿಲ್ಲೆ ಮಾಡ್ತೀವಿ ಬೆರಳಿಡು ಅಂದ್ರು. ಇಟ್ಟೆ.
ಮಿಷಿನ್ನು ಬೆರಳೇ ಇಲ್ಲ ಅಂತು.’
ಕೈ ತೋರಿಸಿದ. ನಾನು ನೋಡಲಿಲ್ಲ, ಟೈಪು ಮಾಡುತ್ತಿದ್ದೆ.

ಕಮಾಂಡು ಕೊಟ್ಟೆ. ಅನುಮತಿಯಿಲ್ಲ ಅಂದಿತು.
ಅಡ್ಮಿನ್ ಪಾಸ್‌ವರ್ಡು ಮಾಲೀಕರಿಗೆ ಗೊತ್ತು,
ಮಾಲೀಕರ ಫೋನು ಮಲಗಿದೆ.
ಮುನಿಹನುಮಯ್ಯ ಎದ್ದು ಕ್ಯಾಲೆಂಡರು ತಿರುವಿದ:
ಜುಲೈ ತಿಂಗಳ ಬೆನ್ನಿಗೆ
ಹಾಲಿನ ಲೆಕ್ಕದ ಕೆಳಗೆ ಪಾಸ್‌ವರ್ಡು.

ಮತ್ತೆ ಕೊಟ್ಟೆ. ಈಗ ಬೇರೆ ತಕರಾರು:
ಇದು ಮೂವತ್ತೆರಡರದ್ದು, ನಾನು ಅರವತ್ತನಾಲ್ಕರವನು.
ಹೊಸಬರು ಎಡವುವುದು ಇಲ್ಲೇ, ಹೇಳುತ್ತೇನೆ ಕೇಳಿ:
ಮೂವತ್ತೆರಡು ಎಂದು ಬರೆದ ಫೋಲ್ಡರಿನಲ್ಲಿ ಅರವತ್ತನಾಲ್ಕರವರಿದ್ದಾರೆ,
ಅರವತ್ತನಾಲ್ಕು ಎಂದಿರುವಲ್ಲಿ ಮೂವತ್ತೆರಡರವರು.
ಹೆಸರಿಗೆ ಕ್ಷೀರಸಾಗರ,
ಮಜ್ಜಿಗೆ ಬೇಕಿದ್ದರೆ ಪಕ್ಕದ ಮನೆ.
ಕಟ್ಟಿದವರಿಗೆ ಕಾರಣವಿತ್ತು.
ಐದು ಗಂಟೆಗೆ, ಇಷ್ಟು ಹಾರ್ನುಗಳ ನಡುವೆ, ಆ ಕಾರಣ ಯಾರಿಗೆ ಬೇಕು?
ಫೈಲನ್ನು ಎತ್ತಿ ಅಲ್ಲಿಟ್ಟೆ,
ಅಲ್ಲಿನವರ ಕೈಯಿಂದಲೇ ಹೆಸರು ಬರೆಸಿದೆ.

ಸಕ್ಸೀಡೆಡ್, ಅಂದಿತು.
ಅಷ್ಟೇ. ಮೆರವಣಿಗೆಯಿಲ್ಲ.
ಹಸಿರು ಅಂಕಿ ಮಿಟುಕಿ ಮಿಟುಕಿ ಸೊನ್ನೆಯಲ್ಲಿ ನಿಂತಿತು.

‘ಯಾರಾದ್ರೂ ಹತ್ತಿ ನಿಂತ್ಕೊಳ್ಳಿ,’ ಎಂದೆ.
ಅಂಜಿನಪ್ಪ ಚಪ್ಪಲಿ ಬಿಟ್ಟು ಹತ್ತಿದ.
ಹತ್ತು ಗಾಲಿಯ ಲಾರಿ ನಿಲ್ಲುವ ಹಾಸಿನ ನಡುವೆ
ಫೋಟೋಗೆ ನಿಂತವನ ಹಾಗೆ ಕೈ ಇಳಿಬಿಟ್ಟು.
ಹತ್ತು ಹತ್ತರಲ್ಲಷ್ಟೇ ಎಣಿಸಬಲ್ಲ ಯಂತ್ರ
ಕೊಂಚ ಯೋಚಿಸಿ, ಅರವತ್ತು ಅಂದಿತು.
‘ಐವತ್ತೇಳು ನಾನು,’ ಅಂದ. ‘ಮೂರು ಕೆಜಿ ಜಾಸ್ತಿ ಕೊಡ್ತು, ಬಿಡಿ.’

ಪ್ರಿಂಟರೂ ನೋಡಿಬಿಡೋಣ ಅಂತ ಚೀಟಿ ಹೊಡೆದೆ:
ವಾಹನ ಸಂಖ್ಯೆ ಖಾಲಿ. ಸರಕು ಖಾಲಿ.
ಒಟ್ಟು ತೂಕ 60. ಸಮಯ 5:12.
ಹರಿದು ಬುಟ್ಟಿಗೆ ಹಾಕಲು ಹೋದರೆ
ಕಿಟಕಿಯಿಂದ ಕೈ ಬಂತು,
ನದಿಯ ಕಲ್ಲಿನಷ್ಟು ನುಣ್ಣನೆಯ ಬೆರಳು,
ಚೀಟಿ ಎರಡು ಸಲ ಜಾರಿತು.

ಮೊದಲ ಲಾರಿ ಹತ್ತಿತು, ಕೋಣೆಯ ಗಾಜೆಲ್ಲ ಅದುರಿತು.
ಮಾನಿಟರಿನ ಅಂಚಿಗೆ ಟೇಪು ಅಂಟಿಸಿ ಬರೆದೆ:
ಅಪ್‌ಡೇಟ್ ಕೇಳಿದರೆ ‘ಆಮೇಲೆ’ ಒತ್ತಿ.
ಒತ್ತುವುದಿಲ್ಲ, ಗೊತ್ತು.