ಲೇಸು

ಆಕ್ಸ್‌ಫರ್ಡಿನಲ್ಲಿ ನವೆಂಬರ್. ನಾಲ್ಕೂವರೆಗೇ ಕತ್ತಲು.
ಕಾಲುವೆ ದಂಡೆಯ ಕೆಸರು ಮೆಟ್ಟಿ ಬಂದರು
ಹೆಸ್ಟರ್ ಓಲ್ಡ್‌ರಾಯ್ಡ್, ಎಡಗಾಲು ತುಸು ಎಳೆಯುತ್ತ.
ಮೇಜಿನ ಮೇಲೆ ನನ್ನ ಲೆಕ್ಕ, ಹದಿನೇಳು ಹಾಳೆ:
ಒಂದು ಕ್ಯೂಬಿಟ್ಟಿನ ಸ್ಥಿತಿ ಇಲ್ಲಿಂದ ಅಲ್ಲಿಗೆ
ದಾಟಿತೆಂದು ತೋರಿಸಲು
ಮ್ಯಾಟ್ರಿಕ್ಸಿನ ಬೆನ್ನಿಗೆ ಮ್ಯಾಟ್ರಿಕ್ಸು, ಸೊನ್ನೆಗಳ ಸಂತೆ,
ಹನ್ನೊಂದನೆಯ ಹಾಳೆಯಲ್ಲೆಲ್ಲೋ
ಒಂದು ಮೈನಸ್ಸು ಕಳೆದುಹೋಗಿತ್ತು.

ಓದಲಿಲ್ಲ ಅವರು. ಬಗ್ಗಿ
ಬೂಟಿನ ಲೇಸು ಬಿಚ್ಚಿದರು,
ಒಂದೊಂದೇ ತೂತಿನಿಂದ, ಅವಸರವಿಲ್ಲದೆ.
ಒದ್ದೆ ದಾರವನ್ನು ಮೇಜಿನ ಮೇಲೆ ಹಾವಿನಂತೆ ಮಲಗಿಸಿದರು:
ಏರಿ, ಬಾಗಿ, ಇಳಿದು, ಮತ್ತೆ ಬಾಗಿ, ಏರಿ.
“ಮೇಲಿನ ಬಾಗು ಅಳತೆ. ಕೆಳಗಿನದು, ಮೊದಲೇ ಹಂಚಿಕೊಂಡ ಜೋಡಿ.
ನಡುವೆ ಕಾಲ ಹಿಂದಕ್ಕೆ ನಡೆದಂತೆ ಕಾಣುತ್ತದೆ. ಹೆದರಬೇಡ.
ಡಬ್ಬಿಯ ಹೊಟ್ಟೆ ಬಗೆಯಬೇಡ.
ಏನು ಬಂತು, ಏನು ಹೋಯಿತು, ಯಾವುದು ಯಾವುದಕ್ಕೆ ಕೂಡಿತು,
ಅಷ್ಟು ಕೇಳು.”
ಎರಡು ತುದಿ ಹಿಡಿದು
ಎಳೆದರು.

ನೇರ.

ನಾಯಿಬಾಲ ಯಾವತ್ತೂ ಡೊಂಕೇ ಎಂದು ಕೇಳಿ ಬೆಳೆದವಳು,
ಸುಮ್ಮನೆ ನಿಂತೆ.
ಏನಾದರೂ ಹೇಳಬೇಕಲ್ಲ, ಹೇಳಿದೆ:
ನಮ್ಮಲ್ಲಿ ಲೇಸು ಅಂದರೆ ಒಳಿತು.
“ಲೇಸು,” ಎಂದರು. ಅವರ ಯಾರ್ಕ್‌ಷೈರಿನ ಏಕಾರ
ನಮ್ಮದೇ ಏಕಾರ; ತಿದ್ದುವುದೇನೂ ಇರಲಿಲ್ಲ.

ಆ ಚಿತ್ರ ಪತ್ರಿಕೆಗೆ ಹೋಗಿ ಮರಳಿ ಬಂತು.
ಚೆಂದದ ಗೀಟುಗಳು, ಸಾಧನೆ ಎಲ್ಲಿ, ಎಂದಿದ್ದರು ಯಾರೋ.
ಗೀಟಿಗೂ ವ್ಯಾಕರಣವಿದೆಯೆಂದು ತೋರಿಸಲು ಹಿಡಿದದ್ದು ಮೂರು ವರ್ಷ.
ಬಗ್ಗಿಸಬಹುದು, ಜಾರಿಸಬಹುದು, ಒಂದರ ಪಕ್ಕ ಇನ್ನೊಂದನ್ನು ಇಡಬಹುದು;
ಗೊತ್ತಿಲ್ಲದ ಒಂದನ್ನು ಎರಡು ಮಾಡುವ ಗೀಟು ಮಾತ್ರ
ಯಾವ ಹಾಳೆಯಲ್ಲೂ ಸಿಗಲಿಲ್ಲ.

ಇದೆಲ್ಲ ಆಮೇಲಿನ ಮಾತು.
ಆ ಸಂಜೆ, ಬಸ್ಸಿನ ಗಡಿಬಿಡಿಗೆ,
ಲೇಸನ್ನು ಕೋಟಿನ ಜೇಬಿಗೆ ತುರುಕಿ
ಬೂಟು ಬಾಯಿ ಬಿಟ್ಟುಕೊಂಡೇ ನಡೆದರು.
ಕಿಟಕಿಯಿಂದ ನೋಡಿದೆ: ದೀಪದ ಕಂಬದಿಂದ ಕಂಬಕ್ಕೆ
ಎಳೆಯುವ ಎಡಗಾಲು.

ದೀಪ ಆರಿಸಲು ತಿರುಗಿದರೆ
ಮೇಜಿನ ಮೇಲೆ ಕೆಸರುನೀರಿನ ಗುರುತು,
ಏರಿ, ಬಾಗಿ, ಇಳಿದು, ಬಾಗಿ, ಏರಿ,
ಹಾಗೇ ಇತ್ತು.
ಡೊಂಕು ಎಡಕ್ಕೆ, ನೇರ ಬಲಕ್ಕೆ, ನಡುವೆ
ಸಮ ಎಂಬ ಎರಡು ಗೆರೆ
ಎಷ್ಟು ಸಲೀಸಾಗಿ ಎಳೆಯುತ್ತೇವೆ.
ದಾರ ಮರೆತದ್ದನ್ನು ಮರ ಮರೆತಿರಲಿಲ್ಲ.

ಒರೆಸಲಿಲ್ಲ.
ದೀಪವನ್ನೂ ಆರಿಸದೆ ಕೂತೆ,
ಹನ್ನೊಂದನೆಯ ಹಾಳೆಯಲ್ಲಿ
ಮೈನಸ್ಸು ಹುಡುಕುತ್ತ.