ಸೀಮೆಸುಣ್ಣದ ಲಿಫ್ಟು

ಭಾನುವಾರ. ಮೀನು ಮಾರುಕಟ್ಟೆಯ ಹಿಂದಿನ ಬಯಲಲ್ಲಿ
ಐಸಿನ ನೀರು ಇನ್ನೂ ಹರಿಯುತ್ತಿತ್ತು.
ಎಡಿಲೆವುಜಾ ಮೊಣಕಾಲೂರಿ
ಹಾಸುಗಲ್ಲಿನ ಮೇಲೆ ನಾಲ್ಕು ಗೆರೆ ಎಳೆದಳು,
ಪಕ್ಕದಲ್ಲಿ ಇನ್ನೂ ನಾಲ್ಕು, ತುಸು ಗಿಡ್ಡ.
"ಇದು ಮುಂದಿನ ಲಿಫ್ಟು, ಇದು ಹಿಂದಿನದು.
ನಮ್ಮ ನಾಟಕ ಅಂದರೆ ಇಷ್ಟೇ,
ಪರದೆ ಹೊಲಿಸಲು ದುಡ್ಡಿಲ್ಲ."

ಮೊಮ್ಮಗಳಿಗೆ ಜೋಳದ ಕಡುಬು ಕೊಡಿಸಲು ಬಂದ ನಾನು
ಜನರ ಹಿಂದೆ ನಿಂತೆ, ಟೋಪಿ ಕೆಳಗೆಳೆದು.
ಆಡುವವರೆಲ್ಲ ಮನೆಗೆಲಸದ ಹೆಂಗಸರು,
ಕಾಸಾ ಅಮರೇಲಾ ಗುಡ್ಡದವರು,
ವಾರಕ್ಕೆ ಆರು ದಿನ ಬೇರೆಯವರ ನೆಲ ಒರೆಸಿ
ಏಳನೆಯ ದಿನ ತಮ್ಮದೇ ಬದುಕನ್ನು
ಬೀದಿಗೆ ತಂದು ಹರವುವವರು.
ಅವರಲ್ಲಿ ಮೂವರ ಮುಖ ನನಗೆ ಗೊತ್ತು.
ನನ್ನ ಮುಖ ಅವರಿಗೂ.

ಯಾಕೆಂದರೆ, ಹೇಳಿಬಿಡುತ್ತೇನೆ,
ಹತ್ತೊಂಬತ್ತು ವರ್ಷದಿಂದ ನಾನು
ರೆಸಿಫೆಯ ಕಡಲಂಚಿನಲ್ಲಿ
ಇಪ್ಪತ್ತೆರಡು ಅಂತಸ್ತಿನ ಬಾಗಿಲು ಕಾಯುವವನು.
ಹೆಸರು ಜೆನಿವಾಲ್ಡು. ಇವರಷ್ಟೇ ಕಪ್ಪು.
ನನ್ನಮ್ಮನೂ ಇಂಥದೇ ಹಿಂದಿನ ಲಿಫ್ಟಿನಲ್ಲಿ
ಕಸದ ಚೀಲದ ಜೊತೆ ಹತ್ತಿ ಇಳಿದವಳು.
ಮೊಗಸಾಲೆಯ ಗೋಡೆಗೆ ಹಿತ್ತಾಳೆಯ ಫಲಕವಿದೆ:
ಬಣ್ಣ ನೋಡಿ, ಕೆಲಸ ನೋಡಿ
ಯಾರನ್ನೂ ತಡೆಯಕೂಡದು, ಇದು ಕಾನೂನು.
ಪ್ರತಿ ಶುಕ್ರವಾರ ನಿಂಬೆಹುಳಿ ಹಾಕಿ
ಅಕ್ಷರ ಅಕ್ಷರವೂ ಹೊಳೆಯುವಂತೆ ಉಜ್ಜುತ್ತೇನೆ.
ಉಜ್ಜುತ್ತಲೇ, ಇನ್ನೊಂದು ಕೈಯ ತೋರುಬೆರಳಲ್ಲಿ,
"ಆ ಕಡೆ, ಅಕ್ಕಾ. ಆ ಕಡೆ."

ನಾಟಕ ಶುರುವಾಯಿತು.
ಎಂಟನೇ ಅಂತಸ್ತಿನ ಅಡುಗೆಯ ಜುಲೈಡೆ
ತರಕಾರಿ ಚೀಲ ಅವುಚಿಕೊಂಡು ಬಂದಳು.
ಎದುರಿಗೆ ನಿಂತದ್ದು ನಾನು.
ಅಂದರೆ, ತೆಳ್ಳಗಿನ ಒಬ್ಬ ಹುಡುಗಿ, ನನ್ನಂಥದೇ ನೀಲಿ ಅಂಗಿ,
ಸುಟ್ಟ ಬೆಂಡಿನ ಮಸಿಯ ಮೀಸೆ.
ಬಾಯಿ ತೆರೆಯಲಿಲ್ಲ. ಬರೇ ಬೆರಳೆತ್ತಿದಳು.
ಜನ ಗೊಳ್ಳೆಂದು ನಕ್ಕರು.
ಎಷ್ಟು ಸರಿಯಾಗಿ ಹಿಡಿದಿದ್ದಳು!
ಬೆರಳ ತುದಿಯ ಸಣ್ಣ ಡೊಂಕನ್ನೂ ಬಿಟ್ಟಿರಲಿಲ್ಲ.
ಮೊಮ್ಮಗಳು ನನ್ನ ಕೈ ತಿರುಗಿಸಿ ನೋಡಿದಳು.

ಮೂರು ಸಲ ಅದನ್ನೇ ಆಡಿದರು.
ಮೂರನೆಯ ಸಲ ಜುಲೈಡೆ ಗಿಡ್ಡ ಗೆರೆಗಳ ಒಳಗೆ ನಿಂತು
ಬಾಗಿಲು ಮುಚ್ಚಿಕೊಳ್ಳಲು ಕಾದಳು.
ಮುಚ್ಚಲು ಬಾಗಿಲೇ ಇಲ್ಲ. ಆದರೂ ಅವಳ ಉಸಿರು ಕಟ್ಟಿದ್ದು
ಹಿಂದೆ ನಿಂತ ನನ್ನವರೆಗೂ ಕೇಳಿಸಿತು.
ಎಡಿಲೆವುಜಾ ಚಪ್ಪಾಳೆ ತಟ್ಟಿ "ನಿಲ್ಲಿಸಿ" ಅಂದಳು.
"ಇದು ಬೇರೆ ಥರ ಆಗಬಹುದಿತ್ತು ಅನ್ನುವವರು
ಬನ್ನಿ, ಯಾರ ಜಾಗದಲ್ಲಾದರೂ ನಿಂತು ಆಡಿ ತೋರಿಸಿ."

ಬಸ್ಸಿನ ಕಂಡಕ್ಟರ್ ಬಂದ, ಭಾಷಣ ಬಿಗಿದ.
ಕಾಲೇಜಿನ ಹುಡುಗಿ ಬಂದಳು,
ಕಾನೂನನ್ನು ಕಲಮಿನ ಸಂಖ್ಯೆ ಸಮೇತ ಒಪ್ಪಿಸಿದಳು.
ಚಪ್ಪಾಳೆ ಬಿತ್ತು. ಜುಲೈಡೆ ಮಾತ್ರ
"ನಾಳೆ ಕೆಲಸ ಹೋಗುವುದು ನನ್ನದು, ತಂಗೀ" ಅಂದಳು.

ನನ್ನ ಕಾಲುಗಳು ಯಾವಾಗ ಹೊರಟವೋ.
ಮಸಿಮೀಸೆಯ ಹುಡುಗಿ ಪಕ್ಕಕ್ಕೆ ಸರಿದು
ನನ್ನ ಪಾತ್ರ ನನಗೆ ಬಿಟ್ಟುಕೊಟ್ಟಳು.
ಜುಲೈಡೆ ಚೀಲ ಹೊತ್ತು ಮತ್ತೆ ಬಂದಳು.
ನೂರು ಕಣ್ಣು. ಮೀನಿನ ನಾತ.
ಒಳ್ಳೆಯ ಮಾತೊಂದು ಹುಡುಕಿದೆ, ಸಿಗಲಿಲ್ಲ,
ಹತ್ತೊಂಬತ್ತು ವರ್ಷ ಒಂದೇ ಮಾತಾಡಿದ ನಾಲಿಗೆ.
ಬೆರಳು ತಾನಾಗೇ ಏಳತೊಡಗಿತು, ದೇವರಾಣೆ,
ಅರ್ಧ ಎದ್ದೂ ಬಿಟ್ಟಿತ್ತು.
ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೆ,
ಜಗಳಕ್ಕೆ ಹೊರಟ ತಮ್ಮನ ರಟ್ಟೆ ಹಿಡಿದಂತೆ.
ಹಾಗೇ ನಿಂತೆ. ಅಷ್ಟೇ ನನ್ನ ಅಭಿನಯ.
ಯಾರೂ ನಗಲಿಲ್ಲ.
ಜುಲೈಡೆ ನನ್ನನ್ನು ದಾಟಿ
ದೊಡ್ಡ ಗೆರೆಗಳ ಒಳಗೆ ಕಾಲಿಟ್ಟಳು.
"ಎಂಟು ಒತ್ತಪ್ಪಾ, ನನ್ನ ಕೈ ತುಂಬಿದೆ."
ಅದೇ ಬೆರಳಿಂದ ಗಾಳಿಯನ್ನು ಒತ್ತಿದೆ.

ಸೋಮವಾರ, ಬೆಳಗ್ಗೆ ಆರು.
ಅಮೃತಶಿಲೆಯ ಮೇಲೆ ಬಿಳಿ ಹೆಜ್ಜೆಗಳು.
ನನ್ನವೇ. ಬೂಟಿನಡಿಯ ಸುಣ್ಣ.
"ಇದೇನು ಗಲೀಜು?" ಹದಿನೈದನೇ ಅಂತಸ್ತಿನ ಯಜಮಾನಿ.
ಒರೆಸುತ್ತೇನೆ ಅಮ್ಮಾ ಅಂದೆ. ಬಕೆಟ್ಟು ತಂದೆ.
ಗಾಜಿನಾಚೆ ಜುಲೈಡೆ ಬರುತ್ತಿದ್ದಳು, ಚೀಲ ಅವುಚಿಕೊಂಡು,
ನಿನ್ನೆಯದು ಯಾವುದೂ ಮುಖದಲ್ಲಿಲ್ಲ.
ನನ್ನ ಎರಡೂ ಕೈ ಒದ್ದೆ ಬಟ್ಟೆಯಲ್ಲಿ.
ಇನ್ನೂ ಒರೆಸಿರಲಿಲ್ಲ.