ಬಿರಡೆ

ಅಪ್ಪನನ್ನು ಕಂಪನಿ ಕಾರು ಮಾರಲು ಕಳಿಸಿದ್ದು
ಎಪ್ಪತ್ತೈದರ ಫೆಬ್ರವರಿಯಲ್ಲಿ.
ಹದಿನೆಂಟು ವರ್ಷ ಎಂಜಿನ್ ಪರೀಕ್ಷೆಯ ಕೋಣೆಯಲ್ಲಿ
ಕಿವಿಗೆ ಹತ್ತಿ ತುರುಕಿಕೊಂಡು ನಿಂತವನು,
ಮನೆಯಲ್ಲಿ ಉಪ್ಪು ಬೇಕಾದರೂ
ಬೆರಳು ತೋರಿಸುತ್ತಿದ್ದವನು,
ತಮ್ಮನ ಕೋಟು ತೊಟ್ಟು
ಹಿರೋಶಿಮಾದಲ್ಲಿ ರೈಲು ಹತ್ತಿದ.
ಸಾಕಾಯ್ ಊರಿನ ಗಲ್ಲಿಗಳಲ್ಲಿ
ಬಾಗಿಲು ಬಾಗಿಲಿಗೂ ನಡು ಬಗ್ಗಿಸಬೇಕು.

ಅಮ್ಮ ನಕ್ಕಳು:
ಮೊದಲು ಬಿರಡೆ ಮಾಡುತ್ತಿದ್ದ ಕಂಪನಿಯಲ್ಲವೇ,
ಒಂದನ್ನು ಈ ಇವಾಓನ ಬಾಯಿಗೇ ಜಡಿದು ಮರೆತಿದೆ.

ಬಿರಡೆಯ ಮಾತು ನಿಜ.
ಓಕ್ ಮರದ ತೊಗಟೆ ಸುಲಿದು, ಪುಡಿಮಾಡಿ, ಒತ್ತಿ
ಬಾಟಲಿಗಳ ಬಾಯಿ ಮುಚ್ಚುತ್ತಿದ್ದ ಕಾಲ ಅದು.
ಆಮೇಲೆ ಮೂರು ಗಾಲಿಯ ಬಂಡಿ.
ಮುಂದೆ ಮೋಟಾರ್ ಸೈಕಲ್ಲು, ಹಿಂದೆ ತೊಟ್ಟಿ,
ಮೀನು, ಇದ್ದಿಲು, ಮದುವಣಗಿತ್ತಿಯ ಪೆಟಾರಿ
ಹೇರಿದ್ದನ್ನು ಹೊತ್ತು ಕೆಮ್ಮುತ್ತ ಹೋಗುತ್ತಿತ್ತು.

ಆ ಆಗಸ್ಟಿನ ಬೆಳಿಗ್ಗೆ
ಹಿಜಿಯಾಮ ಗುಡ್ಡ ನಡುವೆ ಅಡ್ಡ ಇತ್ತು.
ಎತ್ತರವೇನಿಲ್ಲ, ಉಂಡ ಮೇಲೆ ಹತ್ತಿ ಇಳಿಯುವಷ್ಟು.
ಆಚೆ ಊರು ಇಲ್ಲವಾಯಿತು.
ಈಚೆ ಕಾರ್ಖಾನೆ, ಗಾಜು ಕಳೆದುಕೊಂಡು, ನಿಂತೇ ಇತ್ತು.
ಅಪ್ಪನಿಗೆ ಹತ್ತು ವರ್ಷ. ಸುಟ್ಟವರಿಗೆ ನೀರು ಕೊಡುವ ಕೆಲಸ.
ಇದು ಅವನು ಹೇಳಿದ್ದಲ್ಲ, ಸೋದರತ್ತೆ ಹೇಳಿದ್ದು.
ಅವನು ಹೇಳಿದ್ದು ಇಷ್ಟೇ:
ಡಿಸೆಂಬರಿನಲ್ಲಿ ಮತ್ತೆ ಒಂದು ಬಂಡಿ ಗೇಟು ದಾಟಿತು,
ಕಾಣುವ ಮೊದಲೇ
ಕೆಮ್ಮಿನಿಂದ ಗುರುತು ಹತ್ತಿತು.

ಕಂಪನಿ ಅಂದರೆ ಅವನಿಗೆ ಅಂದಿನಿಂದ ಶಬ್ದ.

ಜರ್ಮನಿಯಿಂದ ದುಡ್ಡು ಕೊಟ್ಟು ತಂದರು ರೋಟರಿ ಎಂಜಿನ್ನು,
ಜೊತೆಗೆ ದೆವ್ವ ಪುಕ್ಕಟೆ.
ರೇಷ್ಮೆಗೂಡಿನಂಥ ಕೋಣೆಯೊಳಗೆ
ಮೂರು ಮೂಲೆಯ ಕಬ್ಬಿಣ ಗಿರ್ರನೆ ಸುತ್ತುವಾಗ
ಗೋಡೆಯ ಮೇಲೆ ಗೀರು, ಅಲೆ ಅಲೆಯಾಗಿ ಗೀರು.
ದೆವ್ವದ ಉಗುರು ಅಂತಲೇ ಹೆಸರಿಟ್ಟರು.
ಮೂಲೆಗೆ ಏನೇನೋ ತೊಡಿಸಿದರು,
ಕುದುರೆಯ ಮೂಳೆಯನ್ನೂ ತಿಕ್ಕಿ ನೋಡಿದರಂತೆ.
ಕೊನೆಗೆ ಒಗ್ಗಿದ್ದು
ಅಲ್ಯೂಮಿನಿಯಂ ಕುಡಿದ ಇಂಗಾಲ.
ಆ ರಾತ್ರಿ ಅಪ್ಪ ಕಿವಿಯ ಹತ್ತಿ ಕಿತ್ತು
ಮುನ್ನೂರು ತಾಸು ಓಡಿದ್ದನ್ನು ಬರಿಗಿವಿಯಲ್ಲಿ ಕೇಳಿದ.
ಮನೆಗೆ ಬಂದು, ಉಗುರು ಕತ್ತರಿಸಿದೆವು, ಅಂದ.
ಅಮ್ಮ ಅವನ ಕೈ ನೋಡಿದಳು. ಕಪ್ಪು, ಉದ್ದ.

ಆಮೇಲೆ ಎಣ್ಣೆಯ ಬೆಲೆ ಏರಿತು,
ಜಗತ್ತು ಲೀಟರಿನ ಲೆಕ್ಕಕ್ಕೆ ಕೂತಿತು.
ಓಡುತ್ತದೆ, ಆದರೆ ಕುಡುಕ
ಎಂಬ ಮಾತು ನಮ್ಮೂರಿನ ಕಾರಿಗಿಂತ ವೇಗವಾಗಿ ಓಡಿತು.
ಹೊಲದಂಥ ಅಂಗಳದಲ್ಲಿ ಮಾರದ ಕಾರುಗಳು,
ಮೇಲೆ ಸಮುದ್ರದ ಉಪ್ಪು.

ಎಷ್ಟು ಕುಡಿಯುತ್ತೆ?
ಸಾಕಾಯ್‌ನ ಹೆಂಗಸರು ಅರ್ಧ ಬಾಗಿಲಲ್ಲೇ ಕೇಳಿದರು.
ಬಾಯಿಪಾಠ ಮಾಡಿದ ಉತ್ತರ ಅಪ್ಪನಿಗೆ ಬಾಯಿಗೆ ಬರಲಿಲ್ಲ,
ತಾನು ಅಳೆದದ್ದನ್ನು ಹೇಳುತ್ತಿದ್ದ.
ಉಳಿದರ್ಧ ಬಾಗಿಲೂ ಮುಚ್ಚುತ್ತಿತ್ತು.

ಹನ್ನೊಂದು ತಿಂಗಳಲ್ಲಿ ಮಾರಿದ್ದು ಒಂದು.
ಕೊಂಡವನು ತ್ಸುನೆಮತ್ಸು, ತೋಫು ಮಾಡುವವನು,
ನಸುಕಿನ ಮೂರಕ್ಕೇ ದೀಪ ಹಚ್ಚುವ ಮನೆ.
ಅಲ್ಲಿ ಅದೇಕೋ ಬಿರಡೆ ಕಿತ್ತುಬಂತು.
ಚಳಿಗೆ ಮೊಂಡು, ಎಣ್ಣೆಗೆ ಆಸೆಬುರುಕು,
ಬಿಸಿಯಾದರೆ ಮುನಿಸು, ಈ ಮೂಲೆ ಸವೆದರೆ ಹೀಗೆ ನರಳುತ್ತದೆ
ಎಂದು ಗಂಟಲಲ್ಲೇ ನರಳಿ ತೋರಿಸಿದನಂತೆ.
ಆತ ಕೈಯ ಸೋಯಾ ಹಾಲು ಒರೆಸದೆ ಕೇಳಿಸಿಕೊಂಡ:
ಇಷ್ಟೆಲ್ಲ ಗೊತ್ತಿದ್ದೂ
ನೀವು ಇದನ್ನು ಬಿಟ್ಟಿಲ್ಲವಲ್ಲ. ಕೊಡಿ.

ಪ್ರತಿ ಹೊಸವರ್ಷ ಅವನ ಕಾರ್ಡು ಬರುತ್ತಿತ್ತು.
ಶುಭಾಶಯವಿಲ್ಲ. ಕಿಲೋಮೀಟರು ಮಾತ್ರ.

ತೊಂಬತ್ತೊಂದರ ಜೂನ್, ಫ್ರಾನ್ಸಿನಲ್ಲಿ
ಇಡೀ ರಾತ್ರಿ ಅರಚಿ ಗೆದ್ದಿತು ಅದೇ ಮೂರು ಮೂಲೆ.
ಊರು ಟಿವಿಯ ಮುಂದೆ ಎದ್ದು ಕುಣಿಯಿತು.
ಅಪ್ಪನ ಕಿವಿ ಅಷ್ಟರಲ್ಲಿ ಪೂರ್ತಿ ಹೋಗಿತ್ತು,
ಟಿವಿಯ ಮೈಮೇಲೆ ಅಂಗೈ ಊರಿ ಕೂತಿದ್ದ.

ಆ ವಾರ, ಹೊಸವರ್ಷವಲ್ಲದ ದಿನ,
ಸಾಕಾಯ್‌ನಿಂದ ಕಾರ್ಡು.
ಎರಡು ಲಕ್ಷದ ಹದಿನಾಲ್ಕು ಸಾವಿರ.
ಕೆಳಗೆ, ಮೊದಲ ಸಲ, ಒಂದು ಸಾಲು:
ಇನ್ನೂ ಕುಡಿಯುತ್ತಿದೆ.